ಯುಕ್ಕಾದ ಬುಡಕ್ಕೆ ಹುರಿದ ಹೊಯ್ಗೆ

ಯುಕ್ಕಾ ಗಿಡವನ್ನು ಸಾಯಿಸುವುದು ಬಹಳ ಸುಲಭ. ಕತ್ತಿ ಬೇಡ, ಬಿಸಿನೀರು ಬೇಡ, ದಿನಾ ಪ್ರೀತಿಯಿಂದ ಒಂದು ಚೊಂಬು ನೀರು ಹಾಕಿದರೆ ಸಾಕು. ನನಗೆ ಇದು ಹೇಗೆ ಗೊತ್ತೆಂದರೆ ನಾನೇ ಒಂದನ್ನು ಸಾಯಿಸಿದ್ದೇನೆ. ತಿಳಿಯದೆ ಅಲ್ಲ, ತಿಳಿದೇ. ಒಂದು ಮಳೆಗಾಲ ಪೂರ್ತಿ ಬಿಡದೆ, ಯಾರಿಗೂ ಗೊತ್ತಾಗದ ಹಾಗೆ, ಸ್ವಲ್ಪ ಸ್ವಲ್ಪವಾಗಿ ಸಾಯಿಸಿದೆ. ಈಗ ನನ್ನ ಕೂದಲು ಬೆಳ್ಳಗಾಗಿದೆ, ಹೇಳಿಕೊಳ್ಳಲು ಹೆದರಿಕೆ ಇಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಸ್ವಲ್ಪ ಕಾಲವಾಗಿತ್ತಷ್ಟೆ. ನಾನು ಕಂಕನಾಡಿಯ ಒಂದು ಹುಡುಗಿಯರ ಶಾಲೆಗೆ ಟೀಚರಾಗಿ ಸೇರಿದೆ. ನಮ್ಮ ಮನೆ ಬೋಳೂರಿನ ಹೊಳೆ ಬದಿಯಲ್ಲಿ. ಅಪ್ಪ ದೋಣಿಗೆ ಹೋಗುವವರು, ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ನಮ್ಮ ಕೇರಿಯಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದ ಮೊದಲ ಹುಡುಗಿ ನಾನು. ಕೆಲಸದ ಮೊದಲ ದಿನ ಅಮ್ಮ ನನ್ನನ್ನು ಬಸ್ಸು ಹತ್ತಿಸಲು ಬಂದಳು, ಆದರೆ ನನ್ನ ಹತ್ತಿರ ನಿಲ್ಲಲಿಲ್ಲ. ಬುಟ್ಟಿ ಇಟ್ಟುಕೊಂಡು ರಸ್ತೆಯ ಆಚೆ ಬದಿ ನಿಂತಿದ್ದಳು. ನಿನ್ನ ಸೀರೆಗೆ ವಾಸನೆ ಹಿಡಿದೀತು ಎಂದಳು. ಆಗ ನನಗೆ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಶಾಲೆಯ ಹೆಡ್ ಮಿಸ್ಟ್ರೆಸ್ಸನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಶಾಲೆಯ ಹಿಂದಿನ ಗೇಟಿಗೆ ತಾಗಿಯೇ ಅವರ ಮನೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕೋಪ ಬಂದರೆ ಇಂಗ್ಲಿಷ್. ಸೀರೆಯ ನೆರಿಗೆ ಬೆಳಿಗ್ಗೆ ಹೇಗಿತ್ತೋ ಸಂಜೆಯೂ ಹಾಗೇ ಇರುತ್ತಿತ್ತು. ಅವರು ಭಿನ್ನರಾಶಿ ಹೇಳಿಕೊಟ್ಟರೆ ಎಂಥ ದಡ್ಡ ಹುಡುಗಿಗೂ ಅರ್ಥವಾಗುತ್ತಿತ್ತು, ಅಷ್ಟನ್ನು ಹಗೆಯವಳಾದ ನಾನೂ ಒಪ್ಪಬೇಕು.

ಅವರ ಕೋಣೆಯ ಕಿಟಕಿ ಪಕ್ಕ ಒಂದು ಮರದ ಸ್ಟೂಲು, ಅದರ ಮೇಲೆ ದೊಡ್ಡ ಚಟ್ಟಿ, ಚಟ್ಟಿಯಲ್ಲಿ ಆ ಗಿಡ. ಕೆಳಗೆ ಬೋಳು ಕಾಂಡ, ಮೇಲೆ ಉದ್ದುದ್ದ ಗಟ್ಟಿ ಎಲೆಗಳ ಒಂದು ಕಟ್ಟು, ಪ್ರತಿ ಎಲೆಯ ತುದಿಗೆ ಒಂದು ಮುಳ್ಳು. ಮಕ್ಕಳು ಅನಾನಸ್ ಗಿಡ ಎನ್ನುತ್ತಿದ್ದರು. ಕಿವಿಗೆ ಬಿದ್ದರೆ ದೊಡ್ಡ ಟೀಚರ್ "ಯುಕ್ಕಾ, ಯುಕ್ಕಾ" ಎಂದು ಎರಡು ಸಲ ತಿದ್ದುತ್ತಿದ್ದರು. ಯಾವುದೋ ಹಂಚಿನ ಕಾರ್ಖಾನೆಯ ದೊರೆಸಾನಿಗೆ ಇವರು ಕನ್ನಡ ಕಲಿಸುತ್ತಿದ್ದರಂತೆ. ಆಕೆ ತನ್ನ ದೇಶಕ್ಕೆ ಹಡಗು ಹತ್ತುವ ಮುಂಚೆ ಗಿಡವನ್ನು ಇವರ ಕೈಗೆ ಕೊಟ್ಟು ಹೋದಳಂತೆ. ಇಡೀ ಮಂಗಳೂರಿನಲ್ಲಿ ಇಂಥದ್ದು ಮೂರೋ ನಾಲ್ಕೋ ಇರಬಹುದು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಯಾರು ಎಣಿಸಿದರೋ ನನಗೆ ತಿಳಿಯದು.

ಹೊಸದಾಗಿ ಬಂದ ಟೀಚರಿಗೆ ಗಿಡದ ಕೆಲಸ ಎಂಬುದು ಅಲ್ಲಿಯ ಪದ್ಧತಿ. ಅವರೇ ಪಕ್ಕದಲ್ಲಿ ನಿಂತು ಕಲಿಸಿದರು.

"ನೋಡು, ಇದಕ್ಕೆ ನಮ್ಮ ಊರಿನ ಗಿಡಗಳ ಹಾಗೆ ದಿನಾ ನೀರು ಹಾಕ್ಲಿಕ್ಕಿಲ್ಲ. ಮಣ್ಣಿಗೆ ಬೆರಳು ಹಾಕಿ ನೋಡ್ಬೇಕು. ಎರಡು ಗೆಣ್ಣಿನವರೆಗೆ ಒಣಗಿದ್ರೆ ಮಾತ್ರ ನೀರು. ಮಳೆಗಾಲದಲ್ಲಿ ತಿಂಗಳಿಗೆ ಒಂದು ಸಲ ಸಾಕು. ಗೊತ್ತಾಯ್ತಾ?"

"ಗೊತ್ತಾಯ್ತು ಟೀಚರ್."

"ಮತ್ತೆ ವಾರಕ್ಕೊಮ್ಮೆ ಚಟ್ಟಿ ಸ್ವಲ್ಪ ತಿರುಗಿಸು. ಇಲ್ಲದಿದ್ರೆ ಬೆಳಕಿನ ಕಡೆಗೇ ವಾಲ್ತದೆ. ಎಲೆಯ ಧೂಳು ಒದ್ದೆ ಬಟ್ಟೆಯಲ್ಲಿ ಒರೆಸ್ಬೇಕು. ತುದಿಯ ಮುಳ್ಳು ನೋಡಿಕೋ ಮಾರಾಯ್ತಿ, ಕಣ್ಣು ಹೋದೀತು."

ಸುಳ್ಳು ಯಾಕೆ ಹೇಳಲಿ, ಇಷ್ಟಪಟ್ಟೇ ಮಾಡಿದೆ. ಚಿಕ್ಕ ಮಕ್ಕಳಿಗೆ ಚುಚ್ಚದ ಹಾಗೆ ಮುಳ್ಳಿನ ತುದಿಗಳನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿದವಳು ನಾನು. ಮಧ್ಯಾಹ್ನ ಊಟವಾದ ಮೇಲೆ ಐದು ನಿಮಿಷ ಹೋಗಿ ಎಲೆ ಒರೆಸಿ ಬರುತ್ತಿದ್ದೆ. ದೊಡ್ಡ ಟೀಚರ್ ಕೈಗಡಿಯಾರ ಬಿಚ್ಚಿಟ್ಟು ಪುಸ್ತಕ ತಿದ್ದುತ್ತಾ ಕೂತಿರುತ್ತಿದ್ದರು. ನನಗೆ ಆ ಕೋಣೆ ಹಿತವಾಗಿತ್ತು.

ನನ್ನದಿನ್ನೂ ಖಾಯಂ ಕೆಲಸವಲ್ಲ. ವರ್ಷ ಕಳೆದ ಮೇಲೆ ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ ದೊಡ್ಡ ಟೀಚರ್ ಏನು ಬರೆಯುತ್ತಾರೋ ಅದನ್ನು ನೋಡಿ ಶಾಲೆಯ ಮ್ಯಾನೇಜರು ಖಾಯಂ ಮಾಡುವುದು. ಆ ರಿಜಿಸ್ಟರು ಅವರ ಕೋಣೆಯ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ಕೀಲಿಕೈ ಅವರ ಸೊಂಟದಲ್ಲಿ.

ಡಿಸೆಂಬರಿನ ಹೊತ್ತಿಗೆ ಗಿಡದ ಎಲೆಗಳು ಬಿಳಿಚಿಕೊಂಡವು. ನನಗೆ ಚಿಂತೆ ಹತ್ತಿತು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಅಂಗಳದಲ್ಲಿ ಕೂತು ಬಂಗುಡೆ ಮೀನು ಕೊಯ್ಯುತ್ತಿದ್ದಳು. ನಮ್ಮ ಮಾತೆಲ್ಲ ತುಳುವಿನಲ್ಲಿ. ಎಲೆ ಹೇಗಿದೆ, ಮುಳ್ಳು ಎಲ್ಲಿದೆ, ಕಾಂಡ ಎಷ್ಟು ದಪ್ಪ ಎಂದೆಲ್ಲ ವಿಚಾರಿಸಿದಳು.

"ಅದು ಮುಂಡೇವಿನ ಜಾತಿ ಅಲ್ವಾ ಮಗಾ?" ಎಂದಳು.

ಮುಂಡೇವು ನಮ್ಮಲ್ಲಿ ಹೊಳೆಯ, ತೋಡಿನ ಬದಿಯಲ್ಲಿ ಬೆಳೆಯುವ ಮುಳ್ಳಿನ ಗಿಡ. ಅದರ ಎಲೆಯನ್ನು ಕೊಟ್ಟೆ ಕಟ್ಟಿ, ಹಿಟ್ಟು ಹೊಯ್ದು ಮೂಡೆ ಎಂಬ ಕಡುಬು ಬೇಯಿಸುತ್ತೇವೆ. ಕಾಣಲು ಯುಕ್ಕಾದ ಹಾಗೇ.

"ಮುಂಡೇವು ನೀರಿನಲ್ಲೇ ಕಾಲಿಟ್ಟು ನಿಲ್ಲುವುದು. ಅದನ್ನು ಕೋಣೆಯ ಒಳಗೆ ಒಣಗಿಸಿಟ್ರೆ ಬಿಳಿಚದೆ ಎಂತ ಮಾಡ್ತದೆ? ಮೀನು ತೊಳೆದ ನೀರು ಹಾಕು. ನಮ್ಮ ಬಸಳೆ ನೋಡು, ಮಲ್ಲಿಗೆ ನೋಡು."

ನಮ್ಮ ಊರಿನಲ್ಲಿ ಮೀನು ತಿನ್ನುವ ಮನೆಗಳಲ್ಲಿ ಮೀನು ತೊಳೆದ ನೀರನ್ನು ಯಾರೂ ಚೆಲ್ಲುವುದಿಲ್ಲ. ತೆಂಗಿಗೆ, ಬಸಳೆಗೆ, ಕರಿಬೇವಿಗೆ ಹೋಗುತ್ತದೆ. ದೊಡ್ಡ ಟೀಚರ ಮನೆಯ ಮಲ್ಲಿಗೆಗೂ ಅದೇ ನೀರು. ಇದು ನನಗೆ ಗೊತ್ತಿದ್ದದ್ದು ಹೇಗೆಂದರೆ ಅವರ ಅಡುಗೆಮನೆಯ ಬಾಗಿಲಿಗೆ ವಾರಕ್ಕೆ ಮೂರು ದಿನ ಮೀನು ಕೊಡುತ್ತಿದ್ದವಳೇ ನನ್ನ ಅಮ್ಮ. ನಾನು ಆ ಶಾಲೆಗೆ ಸೇರುವ ಎಷ್ಟೋ ವರ್ಷ ಮುಂಚಿನಿಂದ "ಬಾಯಮ್ಮಾ, ಬಂಗುಡೆ ಉಂಟು" ಎಂದು ಆ ಹಿಂದಿನ ಗೇಟಿನಲ್ಲಿ ಕೂಗುತ್ತಿದ್ದಳು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಔಷಧಿಯ ಹಳೆಯ ಬಾಟಲಿಯಲ್ಲಿ ತಂದಿದ್ದ ಆ ಕೆಂಪು ನೀರನ್ನು ಯುಕ್ಕಾದ ಬುಡಕ್ಕೆ ಹೊಯ್ದೆ. ಗಿಡಕ್ಕೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ ಕೂಡ. ಆದರೆ ಅಂಗಳದ ಗಿಡ ಬೇರೆ, ಬಾಗಿಲು ಹಾಕಿದ ಕೋಣೆಯ ಗಿಡ ಬೇರೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಮನೆಯೊಳಗೆ ಗಿಡ ಇಟ್ಟು ಸಾಕಿದವರು ನಮ್ಮ ವಂಶದಲ್ಲೇ ಯಾರೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಶಾಲಾ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ಮೊದಲೇ ಹೇಳಿರಲಿಲ್ಲ. ದೊಡ್ಡ ಟೀಚರ್ ಅವರ ಎದುರಿಗೇ ಕೋಣೆಯ ಬಾಗಿಲು ತೆಗೆದರು. ಒಂದೂವರೆ ದಿನ ಸೆಕೆಯಲ್ಲಿ ಬೆಂದ ವಾಸನೆ ಹೊರಗೆ ನುಗ್ಗಿತು. ಸಾಲದ್ದಕ್ಕೆ ಒಂದು ಬೆಕ್ಕು ಕಿಟಕಿಯಿಂದ ಬಂದು ಚಟ್ಟಿಯ ಮಣ್ಣನ್ನೆಲ್ಲ ಕೆದರಿ, ಮೇಜಿನ ಮೇಲಿನ ಹಾಜರಿ ಪುಸ್ತಕದ ಮೇಲೆ ನಡೆದಾಡಿ ಹೋಗಿತ್ತು. ನೊಣಗಳು ಗುಂಯ್ ಎನ್ನುತ್ತಿದ್ದವು. ಇನ್ಸ್‌ಪೆಕ್ಟರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

ದೊಡ್ಡ ಟೀಚರ್ ನಮ್ಮನ್ನೆಲ್ಲ ಕರೆಸಿದರು. ನಾನೇ ಹಾಕಿದ್ದು ಎಂದೆ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವರು ಇನ್ಸ್‌ಪೆಕ್ಟರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಎಂತ ಮಾಡುವುದು ಸರ್, ಇವಳ ತಾಯಿ ಮೀನು ಮಾರುವವಳು. ಇವಳು ಬುಟ್ಟಿ ಬಿಟ್ಟು ಬಂದಿದ್ದಾಳೆ, ವಾಸನೆ ಬಿಟ್ಟು ಬರ್ಲಿಲ್ಲ."

ಇನ್ಸ್‌ಪೆಕ್ಟರು ನಕ್ಕರು. ಇನ್ಸ್‌ಪೆಕ್ಟರು ನಕ್ಕದ್ದಕ್ಕೆ ಟೀಚರುಗಳೂ ನಕ್ಕರು. ಬಾಗಿಲಲ್ಲಿ ಇಣುಕುತ್ತಿದ್ದ ನನ್ನ ಕ್ಲಾಸಿನ ಹುಡುಗಿಯರೂ ನಕ್ಕರು. ನಾನು ಬಕೆಟು ತಂದು ನೆಲ ಒರೆಸಿದೆ. ಒರೆಸುವಾಗ ನನ್ನ ಸೀರೆಯ ಸೆರಗನ್ನು ಮೆಲ್ಲಗೆ ಮೂಸಿ ನೋಡಿಕೊಂಡೆ. ಆ ಒಂದು ಕೆಲಸ ನನ್ನಿಂದ ಮಾಡಿಸಿದ್ದಕ್ಕೆ ನಾನು ಅವರನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ಸಂಜೆ ಶಾಲೆಯ ಗುಮಾಸ್ತರು ನನ್ನನ್ನು ವರಾಂಡದ ಕಂಬದ ಹಿಂದಕ್ಕೆ ಕರೆದರು. ವಯಸ್ಸಾದವರು, ನನ್ನ ಮೇಲೆ ಕನಿಕರವಿತ್ತು. ಮ್ಯಾನೇಜರಿಗೆ ತೋರಿಸಲು ರಿಜಿಸ್ಟರು ಅವರ ಕೈಯಲ್ಲಿತ್ತು. "ನೋಡಿಕೊಳ್ಳಿ, ಆದರೆ ನಾನು ತೋರಿಸಿದ್ದು ಅಂತ ಹೇಳ್ಬೇಡಿ" ಎಂದರು. ನನ್ನ ಹೆಸರಿನ ಪುಟದಲ್ಲಿ ದೊಡ್ಡ ಟೀಚರ ಓರೆಯಿಲ್ಲದ ಅಕ್ಷರದಲ್ಲಿ ಒಂದು ಸಾಲು: "ಶುಚಿತ್ವದ ಪರಿಜ್ಞಾನ ಸಾಲದು." ಶಾಯಿ ಆರಿತ್ತು.

ಸರ್ವಿಸ್ ರಿಜಿಸ್ಟರು ಎಂದರೆ ಹಣೆಬರಹ. ಯಾವ ಶಾಲೆಗೆ ಹೋದರೂ ನಮ್ಮ ಹಿಂದೆಯೇ ಬರುತ್ತದೆ. ಐದು ಗಂಟೆಗೆ ಎದ್ದು ಮಿಂದು, ಸೀರೆ ಒಗೆದು, ಗಂಜಿ ಹಾಕಿ, ಅಮ್ಮನಿಂದ ಮಾರು ದೂರ ನಿಂತು ಬಸ್ಸು ಹತ್ತಿದವಳ ಹಣೆಯಲ್ಲಿ ಶುಚಿತ್ವ ಇಲ್ಲ ಎಂದು ಬರೆದಾಗಿತ್ತು. ಆ ಸಾಲನ್ನು ಅಳಿಸುವ ಶಕ್ತಿ ನನಗಿರಲಿಲ್ಲ. ಬರೆದವರಿಗೆ ನೋವು ಕೊಡುವ ಶಕ್ತಿ ಇತ್ತು.

ಮನೆಗೆ ಬಂದು ಅತ್ತುಬಿಟ್ಟೆ. ಇನ್ನು ಆ ಮನೆಗೆ ಮೀನು ಕೊಡಬೇಡ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ತನ್ನ ತಪ್ಪೆಂದು ಹಣೆ ಚಚ್ಚಿಕೊಂಡಳು. ಆದರೂ ಶುಕ್ರವಾರ ಬುಟ್ಟಿ ಹೊತ್ತು ಅದೇ ಗೇಟಿಗೆ ಹೋದಳು. "ತಿನ್ನುವ ಬಾಯಿ ಅವರದ್ದು, ಮಾರುವ ಬಾಯಿ ನಮ್ಮದು. ಎರಡೂ ಮುಚ್ಚಿದ್ರೆ ಆಗುವುದಿಲ್ಲ ಮಗಾ" ಎಂದಳು. ನಾನು ಅಮ್ಮನಷ್ಟು ಒಳ್ಳೆಯವಳಲ್ಲ.

ಕೂಡಲೇ ಏನೂ ಮಾಡಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೊದಲು ಕೆಲಸ ಖಾಯಂ ಆಗಲಿ ಎಂದು ಹಲ್ಲು ಕಚ್ಚಿ ಕಾದೆ. ಜೂನಿನಲ್ಲಿ ಆರ್ಡರು ಬಂತು. ನನಗೆ ಆಶ್ಚರ್ಯ. ಆ ಸಾಲನ್ನು ಓದಿಯೂ ಮ್ಯಾನೇಜರು ದೊಡ್ಡ ಮನಸ್ಸು ಮಾಡಿದ್ದಾರೆ ಎಂದುಕೊಂಡೆ. ದೊಡ್ಡ ಟೀಚರ್ ಆರ್ಡರನ್ನು ನನ್ನ ಕೈಗೆ ಕೊಡುವಾಗ ಏನೋ ಹೇಳಲು ಬಾಯಿ ತೆರೆದರು. ನಾನು ಮುಖ ತಿರುಗಿಸಿ ಹೊರಟುಬಿಟ್ಟೆ.

ಆ ವಾರವೇ ಮಳೆ ಹಿಡಿಯಿತು. ಬೇರೆ ಹೊಸ ಟೀಚರ್ ಬಂದಿರಲಿಲ್ಲ, ಗಿಡದ ಜವಾಬ್ದಾರಿ ಇನ್ನೂ ನನ್ನದೇ. ನಾನು ಕೆಲಸ ಶುರುಮಾಡಿದೆ.

ಅವರು ಬೆರಳು ಹಾಕಿ ನೋಡುತ್ತಾರಲ್ಲ, ಆ ಬೆರಳಿಗೇ ಮೋಸ ಮಾಡಬೇಕಿತ್ತು. ಹೊಳೆಯಿಂದ ದಪ್ಪ ಹೊಯ್ಗೆ, ಅಂದರೆ ಮರಳು, ತಂದು ತೊಳೆದು, ಅಮ್ಮ ಇಲ್ಲದಾಗ ಒಲೆಯ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಹುರಿದೆ. ಕೈಗೆ ಚರಚರ ಎನ್ನುವಷ್ಟು ಒಣಗಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದೆ. ಚಟ್ಟಿಯ ಮೇಲಿನ ಮಣ್ಣನ್ನು ಮೂರು ಗೆಣ್ಣು ತೆಗೆದು ಅಲ್ಲಿ ಈ ಹೊಯ್ಗೆ ತುಂಬಿದೆ. ಚೆಂದ ಕಾಣಲಿಕ್ಕೆ ಎಂದೆ, ದೊಡ್ಡ ಟೀಚರ್ ಹೂಂ ಎಂದರು. ದಿನಾ ಮಧ್ಯಾಹ್ನ ಎಲೆ ಒರೆಸುವ ನೆಪದಲ್ಲಿ, ಪುಸ್ತಕ ತಿದ್ದುವ ಅವರ ಕಡೆಗೆ ಬೆನ್ನು ಮಾಡಿ, ಚಟ್ಟಿಯ ಅಂಚಿನಿಂದ ಒಂದು ಲೋಟ ನೀರು ಕೆಳಗೆ ಇಳಿಸುತ್ತಿದ್ದೆ. ಅಡಿಯ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲುತ್ತಿರಲಿಲ್ಲ. ಎರಡು ದಿನಕ್ಕೊಮ್ಮೆ, ಅವರು ಕ್ಲಾಸಿಗೆ ಹೋದಾಗ, ತೇವವಾದ ಹೊಯ್ಗೆ ತೆಗೆದು ಹೊಸದು ಹಾಕುತ್ತಿದ್ದೆ.

ಜುಲೈಯಲ್ಲಿ ಕೆಳಗಿನ ಎಲೆಗಳು ಹಳದಿಯಾದವು. ದೊಡ್ಡ ಟೀಚರ್ ಬೆರಳು ಹಾಕಿದರು.

"ಒಣಗಿದೆಯಲ್ಲ ಮಾರಾಯ್ತಿ! ಈ ಮಳೆಗಾಲದಲ್ಲಿಯೂ ಹೀಗೆ ಒಣಗುವುದು ಅಂದ್ರೆ ಎಂತ?"

"ಕಿಟಕಿಯ ಗಾಳಿಗೆ ಇರ್ಬೇಕು ಟೀಚರ್," ಎಂದೆ. "ಪಾಪ, ಬಾಯಾರಿಕೆ."

ಅವರು ತಮ್ಮ ಕುಡಿಯುವ ನೀರಿನ ಕೂಜೆ ಎತ್ತಿ ತಾವೇ ಹೊಯ್ದರು. ಮರುದಿನವೂ ಹೊಯ್ದರು. ಒಂದು ವಾರದಲ್ಲಿ ನಾನು ಲೋಟ ಮುಟ್ಟುವ ಅಗತ್ಯವೇ ಇರಲಿಲ್ಲ, ಹೊಯ್ಗೆ ಮಾತ್ರ ದಿನಾ ಬದಲಾಯಿಸಿದರೆ ಸಾಕಿತ್ತು. ಅವರ ಕೈಯಿಂದಲೇ ಅವರ ಗಿಡ ಸಾಯುವುದನ್ನು ನೋಡುತ್ತಾ ನಾನು ಎಲೆ ಒರೆಸುತ್ತಿದ್ದೆ. ಆ ದಿನಗಳಲ್ಲಿ ನನಗೆ ಊಟ ರುಚಿಸುತ್ತಿತ್ತು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಟೀಚರುಗಳ ಮೀಟಿಂಗು. ದೊಡ್ಡ ಟೀಚರ್ ಪರೀಕ್ಷೆಯ ವಿಷಯ ಹೇಳುತ್ತಿದ್ದರು. ಯಾರೂ ಮುಟ್ಟಲಿಲ್ಲ, ಗಾಳಿ ಬೀಸಲಿಲ್ಲ, ಗಿಡ ತಾನಾಗಿ ವಾಲುತ್ತಾ ವಾಲುತ್ತಾ ಮೇಜಿನ ಮೇಲೆ ಮಲಗಿತು. ಬುಡ ಕೊಳೆತು ಬೆಂದ ಗೆಣಸಿನ ಹಾಗೆ ಮೆತ್ತಗಾಗಿತ್ತು. ಕೋಣೆ ತುಂಬ ನಾತ. ಈ ಸಲ ಅದು ಮೀನಿನದ್ದಲ್ಲ.

ದೊಡ್ಡ ಟೀಚರ್ ಎಲ್ಲರೆದುರಿಗೇ ಅತ್ತರು. ಕೊಂಕಣಿಯಲ್ಲಿ ಏನೋ ಹೇಳುತ್ತಾ, ಆ ಎಲೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಒಂದು ಚೂರೂ ಕನಿಕರ ಹುಟ್ಟಲಿಲ್ಲ. ನಾನು ಬಕೆಟು ತಂದು ಮೊದಲಿನ ಹಾಗೇ ನೆಲ ಒರೆಸಿದೆ.

"ಹೊರಗೆ ಬಿಸಾಡು," ಎಂದರು ಕಣ್ಣೊರೆಸಿಕೊಂಡು. "ನನಗೆ ನೋಡ್ಲಿಕ್ಕೆ ಆಗುವುದಿಲ್ಲ."

ನಾನು ಬಿಸಾಡಲಿಲ್ಲ. ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಮನೆಗೆ ತಂದೆ. ಯಾಕೆಂದು ಆಗ ಕೇಳಿದ್ದರೆ ನನಗೇ ತಿಳಿದಿರಲಿಲ್ಲ. ಗೆದ್ದವರು ಸೋತವರ ಬಾವುಟ ಹೊತ್ತು ತರುತ್ತಾರಲ್ಲ, ಹಾಗಿರಬೇಕು. ಅಮ್ಮ ಗೋಣಿ ಬಿಚ್ಚಿ ನೋಡಿದಳು, ನನ್ನ ಮುಖ ನೋಡಿದಳು. ಒಲೆಯ ಬದಿಯಲ್ಲಿದ್ದ ಹೊಯ್ಗೆಯ ಬಾಣಲೆಯನ್ನು ಅವಳು ಎಂದೋ ಕಂಡಿದ್ದಳು.

"ಜಗಳ ಅವರ ಹತ್ರ. ಗಿಡ ಎಂತ ಮಾಡಿತ್ತು ನಿನಗೆ?" ಎಂದಳು.

ಅಷ್ಟು ಹೇಳಿ ಮೀನು ಕೊಯ್ಯುವ ಕತ್ತಿಯಿಂದ ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದಳು. ಮೇಲಿನ ಗಟ್ಟಿ ತುಂಡು, ಗೇಣುದ್ದ, ಉಳಿಯಿತು. ಅದನ್ನು ಐದಾರು ದಿನ ನೆರಳಿನಲ್ಲಿ ಒಣಗಲು ಬಿಟ್ಟೆವು. ಒಡೆದ ಚಟ್ಟಿಯೊಂದರ ಅಡಿಗೆ ಹಂಚಿನ ಚೂರು, ಅದರ ಮೇಲೆ ಒಲೆಯ ಇದ್ದಿಲು, ಅದರ ಮೇಲೆ ಹೊಯ್ಗೆ ಬೆರೆಸಿದ ಮಣ್ಣು. ನಾಯಿಯ, ಕೋಳಿಯ ಕಾಟವೆಂದು ಚಾವಡಿಯ ಒಳಗೆ, ಮಾಡಿನ ಗಾಜಿನ ಹಂಚಿನಿಂದ ಬೆಳಕು ಬೀಳುವಲ್ಲಿ ಇಟ್ಟೆವು. ದೊಡ್ಡ ಟೀಚರ್ ಕಲಿಸಿದ್ದನ್ನೇ ಮಾಡಿದೆ. ಎರಡು ಗೆಣ್ಣು ಬೆರಳು ಹಾಕಿ ನೋಡಿದೆ, ವಾರಕ್ಕೊಮ್ಮೆ ತಿರುಗಿಸಿದೆ, ಎಲೆ ಒರೆಸಿದೆ. ತಿಂಗಳುಗಟ್ಟಲೆ ಅದು ಸತ್ತಿದೆಯೋ ಬದುಕಿದೆಯೋ ತಿಳಿಯಲಿಲ್ಲ. ಬೇಸಿಗೆಯಲ್ಲಿ ನಡುವಿನಿಂದ ಒಂದು ಹಸಿರು ಎಲೆ ಎದ್ದಿತು. ಅಮ್ಮ ಅದಕ್ಕೆ ಮುಂಡೇವು ಎಂದೇ ಹೆಸರಿಟ್ಟಳು. ಮೀನಿನ ನೀರನ್ನು ಮಾತ್ರ ಅದರ ಹತ್ತಿರ ತರಲಿಲ್ಲ.

ನಾನು ಅದೇ ಶಾಲೆಯಲ್ಲಿ ಉಳಿದೆ. ಸ್ಟೂಲಿನ ಮೇಲೆ ದೊಡ್ಡ ಟೀಚರ್ ಬೇರೆ ಗಿಡ ತಂದಿಡಲಿಲ್ಲ, ಕೂಜೆ ಇಟ್ಟರು. ನನ್ನ ಸಿಟ್ಟು ಗಿಡದ ಜೊತೆ ಸತ್ತಿರಲಿಲ್ಲ, ಯಾಕೆಂದರೆ ಆ ಸಾಲು ಕಪಾಟಿನಲ್ಲಿ ಜೀವಂತವಿತ್ತು. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರುಗಳು ಬಂದು ರಿಜಿಸ್ಟರು ತಿರುವುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನನ್ನ ಪುಟ ಬಂದಾಗ ಒಬ್ಬರೂ ಏನೂ ಹೇಳುತ್ತಿರಲಿಲ್ಲ. ಮರ್ಯಾದಸ್ಥರು, ಓದಿಯೂ ಸುಮ್ಮನಿದ್ದಾರೆ ಎಂದುಕೊಂಡು ಒಳಗೊಳಗೇ ಬೇಯುತ್ತಿದ್ದೆ. ಹೀಗೆ ಒಂಬತ್ತು ವರ್ಷ.

ಅರವತ್ತರ ದಶಕದ ಕೊನೆಗೆ ದೊಡ್ಡ ಟೀಚರ್ ನಿವೃತ್ತರಾದರು. ಬಿಕರ್ನಕಟ್ಟೆಯ ಹತ್ತಿರ ಒಂದು ಸಣ್ಣ ಮನೆ ಮಾಡಿದ್ದರು. ಬೀಳ್ಕೊಡುಗೆಗೆ ಹಾರ, ಗ್ರೂಪ್ ಫೋಟೋ, ಕಟ್ಟು ಹಾಕಿಸಿದ ಬಿನ್ನವತ್ತಳೆ, ಎಲ್ಲ ತಯಾರಾಗಿತ್ತು. ಪ್ರತಿಯೊಬ್ಬ ಟೀಚರೂ ಏನಾದರೂ ಕೊಡಬೇಕೆಂದು ಮಾತಾಯಿತು. ನಮ್ಮ ಮುಂಡೇವಿನ ಬುಡದಲ್ಲಿ ಆಗ ಒಂದು ಮರಿ ಎದ್ದಿತ್ತು. ಅದನ್ನು ಕೊಡುವುದೆಂದು ನಿಶ್ಚಯಿಸಿದೆ.

ಚೆಂದದ ಹೊಸ ಚಟ್ಟಿ ತಂದೆ. ಅದರ ಅಡಿಯ ತೂತಿಗೆ ಸಿಮೆಂಟು ಮೆತ್ತಿ ಮುಚ್ಚಿದೆ. ಹಂಚಿನ ಚೂರು ಹಾಕಲಿಲ್ಲ, ಇದ್ದಿಲು ಹಾಕಲಿಲ್ಲ, ಅಂಟು ಮಣ್ಣು ತುಂಬಿ ಮರಿ ನೆಟ್ಟೆ. ಹೊಯ್ದ ನೀರು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಮೊದಲ ಮಳೆಗಾಲಕ್ಕೇ ಬುಡ ಕೊಳೆಯುತ್ತದೆಂದು ನನಗೆ ಗೊತ್ತಿತ್ತು. ಇನ್ನೊಮ್ಮೆ ಅಳಲಿ, ಈ ಸಲ ಒಬ್ಬರೇ ಕೂತು ಅಳಲಿ ಎಂದು ಬಯಸಿದೆ.

ಆದರೂ ಸಭೆಯಲ್ಲಿ ಒಂದು ಆಸೆಯಿಂದ ಕೂತಿದ್ದೆ. ಹೋಗುವಾಗಲಾದರೂ ಒಂದು ಮಾತು ಹೇಳಿಯಾರು ಎಂದು. ಅವತ್ತು ಹಾಗೆ ಹೇಳಬಾರದಿತ್ತು ಎಂದರೆ ಸಾಕಿತ್ತು, ಚಟ್ಟಿಯನ್ನು ಕೈಜಾರಿ ಬೀಳಿಸಿಬಿಡುತ್ತಿದ್ದೆ. ಅವರು ಗಿಡ ನೋಡಿದ್ದೇ ಎದ್ದು ಬಂದರು.

"ಯುಕ್ಕಾ! ನಿನಗೆ ಎಲ್ಲಿ ಸಿಕ್ಕಿತು ಮಾರಾಯ್ತಿ?"

"ಯಾರೋ ಬಿಸಾಡಿದ್ದು ಟೀಚರ್," ಎಂದೆ.

ಅವರು ನನ್ನನ್ನು ತಬ್ಬಿಕೊಂಡರು. ಭಾಷಣದಲ್ಲಿ, ಗಿಡ ನೋಡಿಕೊಳ್ಳುವುದರಲ್ಲಿ ಇವಳಷ್ಟು ಜಾಗ್ರತೆಯವರನ್ನು ನಾನು ಕಂಡಿಲ್ಲ ಎಂದರು. ಚಪ್ಪಾಳೆ ಬಿತ್ತು. ಆ ಮಾತು ಮಾತ್ರ ಬರಲಿಲ್ಲ. ಚಟ್ಟಿ ರಿಕ್ಷಾದಲ್ಲಿ ಅವರ ಕಾಲ ಬುಡದಲ್ಲಿ ಕೂತು ಬಿಕರ್ನಕಟ್ಟೆಗೆ ಹೋಯಿತು.

ನನಗಿಂತ ಹಿರಿಯರಿಬ್ಬರು ದೊಡ್ಡ ಟೀಚರ ಕುರ್ಚಿ ಬೇಡವೆಂದರು. ಜೂನಿನಲ್ಲಿ ಕಪಾಟಿನ ಕೀಲಿಕೈ ನನ್ನ ಸೊಂಟಕ್ಕೆ ಬಂತು. ಮೊದಲ ದಿನ ಬಾಗಿಲು ಹಾಕಿಕೊಂಡು ನಾನು ತೆರೆದದ್ದು ನನ್ನದೇ ಪುಟ.

ಸಾಲು ಅಲ್ಲೇ ಇತ್ತು. ಅದರ ಮೇಲೆ ಅಡಿಕೋಲು ಇಟ್ಟು ಎಳೆದ ಒಂದು ಕೆಂಪು ಗೆರೆ. ಪಕ್ಕದಲ್ಲಿ ಸಣ್ಣದಾಗಿ, "ಅವಸರದಲ್ಲಿ ಬರೆದದ್ದು. ರದ್ದು." ಕೆಳಗೆ ದೊಡ್ಡ ಟೀಚರ ಸಹಿ ಮತ್ತು ತಾರೀಕು. ಇನ್ಸ್‌ಪೆಕ್ಟರು ಬಂದು ಹೋದ ನಾಲ್ಕನೆಯ ದಿನದ ತಾರೀಕು.

ನಾಲ್ಕನೆಯ ದಿನ! ನನ್ನ ಕೆಲಸ ಖಾಯಂ ಆದದ್ದು ಮ್ಯಾನೇಜರ ದೊಡ್ಡ ಮನಸ್ಸಿನಿಂದ ಅಲ್ಲ. ಇನ್ಸ್‌ಪೆಕ್ಟರುಗಳು ಸುಮ್ಮನಿದ್ದದ್ದು ಮರ್ಯಾದೆಗಾಗಿ ಅಲ್ಲ. ನಾನು ಹೊಯ್ಗೆ ಹುರಿಯುವ ಐದಾರು ತಿಂಗಳ ಮುಂಚೆಯೇ ಆ ಸಾಲು ಸತ್ತುಹೋಗಿತ್ತು. ಸತ್ತದ್ದರ ಮೇಲೆ ಸೇಡು ತೀರಿಸಲು ನಾನು ಒಂದು ಮಳೆಗಾಲ, ಒಂಬತ್ತು ವರ್ಷ, ಎರಡು ಗಿಡ ಖರ್ಚು ಮಾಡಿದ್ದೆ.

ನನಗೆ ಪಶ್ಚಾತ್ತಾಪವಾಯಿತೆಂದು ಓದುವವರು ತಿಳಿಯಬಹುದು. ಮೊದಲು ಬಂದದ್ದು ಸಿಟ್ಟು. ಬೈದದ್ದು ಹತ್ತು ಜನರೆದುರು, ತಿದ್ದಿದ್ದು ಬೀಗ ಹಾಕಿದ ಕಪಾಟಿನೊಳಗೆ! ಒಂದು ಮಾತು ನನ್ನ ಕಿವಿಗೆ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆ ಸಿಟ್ಟಿನಲ್ಲೇ ಶನಿವಾರ ಮಧ್ಯಾಹ್ನ ಬ್ಯಾಗಿನಲ್ಲಿ ಒಂದು ಸುತ್ತಿಗೆ, ಒಂದು ದಪ್ಪ ಮೊಳೆ ಇಟ್ಟುಕೊಂಡು ಬಿಕರ್ನಕಟ್ಟೆಯ ಬಸ್ಸು ಹತ್ತಿದೆ. ಮಳೆ ಹಿಡಿದು ವಾರವಾಗಿತ್ತು.

ಅವರೇ ಬಾಗಿಲು ತೆಗೆದರು. ಸೀರೆಯ ನೆರಿಗೆ ಸ್ವಲ್ಪ ಸಡಿಲಾಗಿತ್ತು.

"ಒಳ್ಳೆಯ ಸಮಯಕ್ಕೆ ಬಂದಿ. ನಿನ್ನ ಗಿಡ ಯಾಕೋ ಹಳದಿಯಾಗ್ತಾ ಉಂಟು. ಎಂತ ಮಾಡುವುದು ಗೊತ್ತಾಗುವುದಿಲ್ಲ."

ಕಿಟಕಿಯ ಪಕ್ಕ, ಹೊಳೆಯುವ ಕೆಂಪು ನೆಲದ ಮೇಲೆ ಚಟ್ಟಿ ಇತ್ತು. ನಾನು ಕೇಳಬೇಕಾದದ್ದನ್ನು ಮೊದಲು ಕೇಳಿದೆ.

"ಟೀಚರ್, ನನ್ನ ರಿಜಿಸ್ಟರಿನಲ್ಲಿ ಆ ಸಾಲು ಹೊಡೆದು ಹಾಕಿದ್ದು ನನಗೆ ಯಾಕೆ ಹೇಳ್ಲಿಲ್ಲ?"

ಅವರಿಗೆ ತಕ್ಷಣ ನೆನಪಾಯಿತು. ಅಂದರೆ ಮರೆತಿರಲಿಲ್ಲ. ಕುರ್ಚಿಯಲ್ಲಿ ಕೂತರು.

"ಹೇಳ್ಬೇಕು ಅಂತ ಇತ್ತು. ನಿನ್ನ ಆರ್ಡರ್ ಕೊಡುವ ದಿನ ಹೇಳ್ಲಿಕ್ಕೆ ಹೊರಟೆ, ನೀನು ಮುಖ ತಿರುಗಿಸಿ ಹೋದಿ. ಮತ್ತೆ ಹಿಂದೆ ಬಂದು ಹೇಳ್ಲಿಕ್ಕೆ ನನಗೆ ಆಗ್ಲಿಲ್ಲ. ನಾನು ದೊಡ್ಡ ಟೀಚರ್ ಅಲ್ವಾ?" ಸೆರಗು ಸರಿಮಾಡಿಕೊಂಡು, "ನಿನ್ನ ಅಮ್ಮ ಆ ಶುಕ್ರವಾರವೂ ಮೀನು ತಂದ್ಳು. ದೊಡ್ಡ ದೊಡ್ಡ ಬಂಗುಡೆಯೇ ಆರಿಸಿ ಕೊಟ್ಳು. ನನಗೆ ಗಂಟಲಲ್ಲಿ ಇಳೀಲಿಲ್ಲ. ಊಟ ಬಿಟ್ಟು ಶಾಲೆಗೆ ಬಂದು ಗೆರೆ ಎಳೆದೆ" ಎಂದರು.

ನಾನು ಬ್ಯಾಗಿನಿಂದ ಸುತ್ತಿಗೆ ತೆಗೆದೆ. ಚಟ್ಟಿಯನ್ನು ವಾಲಿಸಿ ಹಿಡಿದು ಅಡಿಗೆ ಮೊಳೆ ಇಟ್ಟು ಹೊಡೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಸಿಮೆಂಟಿನ ಬಿಲ್ಲೆಯ ಜೊತೆ ಅಡಿಯೂ ಕಿತ್ತು ಬಂತು. ಕಟ್ಟಿ ನಿಂತ ಕಪ್ಪು ನೀರು ಆ ನೆಲದ ಮೇಲೆಲ್ಲ ಹರಿಯಿತು. ಕೊಳೆತ ನಾತ ಮನೆ ತುಂಬಿತು. ಅವರು ಮೂಗು ಮುಚ್ಚಿಕೊಳ್ಳಲಿಲ್ಲ. ಒಳಗೆ ಹೋಗಿ ಬಟ್ಟೆ ತಂದು, ಬಗ್ಗಿ ಕೂತು, ತಾವೇ ನೆಲ ಒರೆಸಿದರು. ಆ ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಳ್ಳಬೇಕೆಂದು ನನಗೆ ಅನ್ನಿಸಿತು, ತೆಗೆದುಕೊಳ್ಳಲಿಲ್ಲ. ಅವರು ಒರೆಸುವುದನ್ನು ನಿಂತು ನೋಡಿದೆ.

ನೆಲದಲ್ಲಿ ಬಿದ್ದ ಸಿಮೆಂಟಿನ ಬಿಲ್ಲೆ ಅವರ ಕೈಗೆ ಸಿಕ್ಕಿತು. ಎತ್ತಿ ತಿರುಗಿಸಿ ನೋಡಿದರು.

"ಇದೆಂತದು? ತೂತು ಯಾರು ಮುಚ್ಚಿದ್ದು?"

ಹೇಳುವುದಾದರೆ ಅದೇ ಹೊತ್ತು. ಕೋಣೆಯಲ್ಲಿ ನಾವಿಬ್ಬರೇ. ಇನ್ಸ್‌ಪೆಕ್ಟರು ಇರಲಿಲ್ಲ, ನಗುವವರು ಇರಲಿಲ್ಲ.

"ಚಟ್ಟಿ ಮಾಡಿದವನೇ ಇರ್ಬೇಕು ಟೀಚರ್," ಎಂದೆ.

"ಪಾಪ, ಅವನಿಗೆ ಗೊತ್ತಿರ್ಲಿಕ್ಕಿಲ್ಲ," ಎಂದು ಬಿಲ್ಲೆಯನ್ನು ಕಿಟಕಿಯಿಂದ ಹೊರಗೆ ಎಸೆದರು.

ಮರಿಯ ಬೇರಿನ ಅರ್ಧ ಕೊಳೆತಿತ್ತು, ಅರ್ಧ ಗಟ್ಟಿಯಿತ್ತು. ಕೊಳೆತದ್ದನ್ನು ಕತ್ತರಿಸಿ ಒಣಗಲು ಇಟ್ಟು, ಮುಂದಿನ ಶನಿವಾರ ತೂತಿರುವ ಚಟ್ಟಿ, ಹಂಚಿನ ಚೂರು, ಇದ್ದಿಲು ತೆಗೆದುಕೊಂಡು ಹೋಗಿ ನೆಟ್ಟುಕೊಟ್ಟೆ. ಅದು ಬದುಕಿತು. ಆಮೇಲೆ ಎಷ್ಟೋ ಶನಿವಾರ ಹೋದೆ. ಚಟ್ಟಿ ತಿರುಗಿಸಿದೆ, ಎಲೆ ಒರೆಸಿದೆ, ಅವರು ಕೊಟ್ಟ ಚಹಾ ಕುಡಿದೆ. ಪ್ರತಿ ಸಲ ಬಸ್ಸಿನಲ್ಲಿ ಹೋಗುವಾಗ ಇವತ್ತು ಹೇಳುವುದೇ ಎಂದುಕೊಳ್ಳುತ್ತಿದ್ದೆ. ಹುರಿದ ಹೊಯ್ಗೆಯ ವಿಷಯ, ಸಿಮೆಂಟಿನ ವಿಷಯ, ಎರಡೂ. ಆದರೆ ಈಗ ನಾನೂ ದೊಡ್ಡ ಟೀಚರ್ ಆಗಿದ್ದೆ, ಬಾಯಿ ಬರಲಿಲ್ಲ. ಅವರು ಗೆರೆಯನ್ನಾದರೂ ಎಳೆದು ಸಹಿ ಹಾಕಿದ್ದರು. ನಾನು ಇದನ್ನು ಬರೆಯುತ್ತಿರುವುದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಕೇಳಬೇಕಾದವರಿಗೆ ಇನ್ನು ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ.